ಟೆಂಡರ್ ಆದೇಶವನ್ನು ಪ್ರಶ್ನಿಸಲು ಎಷ್ಟು ದಿನ? ಕರ್ನಾಟಕದ ಬಿಡ್‌ದಾರರಿಗೆ ಗಡುವಿನ ಲೆಕ್ಕ

ಟೆಂಡರ್ ಕೈತಪ್ಪಿದ ಕೂಡಲೇ ಗುತ್ತಿಗೆದಾರರು ಕೇಳುವ ಪ್ರಶ್ನೆ ಒಂದೇ: ಅಪೀಲು ಹಾಕಲು ಎಷ್ಟು ದಿನ ಇದೆ? ಕಾಯ್ದೆ ಓದಿದವರು 30 ದಿನ ಎನ್ನುತ್ತಾರೆ. ಅದು ಸರಿಯಾದ ಉತ್ತರವೇ. ಆದರೆ ಆ 30 ದಿನ ಶುರುವಾಗುವ ಹೊತ್ತಿಗೆ ಬೇರೆ ಎರಡು ಗಡುವು ಸದ್ದಿಲ್ಲದೆ ಮುಗಿದುಹೋಗಿರಬಹುದು. ಆ 30 ದಿನ ಮುಗಿಯುವ ಮೊದಲೇ ಕಾರ್ಯಾದೇಶ ಹೊರಬಿದ್ದು, ಕರಾರಿಗೆ ಸಹಿಯಾಗಿ, ಸೈಟಿನಲ್ಲಿ ಕೆಲಸವೂ ಶುರುವಾಗಿರಬಹುದು. ಆದ್ದರಿಂದ ಗಡುವನ್ನು ಸೋತ ದಿನದಿಂದ ಎಣಿಸುವ ಬದಲು ಟೆಂಡರ್ ಪ್ರಕಟಣೆ ಬಂದ ದಿನದಿಂದಲೇ ಎಣಿಸುವ ಅಭ್ಯಾಸ ಮಾಡಿಕೊಳ್ಳಬೇಕು.

ಯಾವ ನಿಯಮ ಅನ್ವಯ ಎಂಬುದೇ ಮೊದಲು

ಒಂದೇ ಊರಿನಲ್ಲಿ, ಒಂದೇ ರೀತಿಯ ಕೆಲಸಕ್ಕೆ ಕರೆದ ಎರಡು ಟೆಂಡರುಗಳಿಗೆ ಬೇರೆ ಬೇರೆ ಗಡುವು ಇರಬಹುದು. ಹಣ ಯಾರದು, ಟೆಂಡರ್ ಕರೆದವರು ಯಾರು ಎಂಬುದರ ಮೇಲೆ ಅದು ನಿಂತಿದೆ. ರಾಜ್ಯ ಸರ್ಕಾರದ ಇಲಾಖೆ, ಸ್ಥಳೀಯ ಸಂಸ್ಥೆ, ರಾಜ್ಯದ ನಿಗಮ ಅಥವಾ ಮಂಡಳಿ ಕರೆದ ಟೆಂಡರಿಗೆ ಸಾಮಾನ್ಯವಾಗಿ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅನ್ವಯಿಸುತ್ತದೆ. ಎಲ್ಲರೂ ಕೆಟಿಪಿಪಿ ಕಾಯ್ದೆ ಎಂದು ಕರೆಯುವುದು ಇದನ್ನೇ. ಜೊತೆಗೆ 2000ರ ನಿಯಮಗಳಿವೆ. ರೈಲ್ವೆ, ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ, ಕೇಂದ್ರದ ಉದ್ದಿಮೆಗಳು ಕರ್ನಾಟಕದೊಳಗೇ ಕೆಲಸ ಮಾಡಿಸಿದರೂ ಅವುಗಳಿಗೆ ಈ ಕಾಯ್ದೆ ಇಲ್ಲ. ಅಲ್ಲಿ ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು, ಖರೀದಿ ಕೈಪಿಡಿಗಳು ಮತ್ತು ಆಯಾ ಸಂಸ್ಥೆಯ ಟೆಂಡರ್ ದಾಖಲೆಯ ಮಾತು ನಡೆಯುತ್ತದೆ. ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲಿನ ಬಿಡ್‌ಗೆ ಪೋರ್ಟಲಿನದೇ ಷರತ್ತುಗಳಿವೆ. ವಿಶ್ವಬ್ಯಾಂಕ್ ಸಾಲದ ಯೋಜನೆಯಾದರೆ ಬ್ಯಾಂಕಿನ ಸಂಗ್ರಹಣಾ ನಿಯಮಾವಳಿ.

ಹೀಗಾಗಿ ಟೆಂಡರ್ ದಾಖಲೆ ಇಳಿಸಿಕೊಂಡ ದಿನವೇ ಮೂರು ಸಂಗತಿ ಹುಡುಕಿ ಒಂದು ಹಾಳೆಯ ಮೇಲೆ ಬರೆದಿಡಿ: ಯಾವ ಕಾಯ್ದೆ ಅಥವಾ ನಿಯಮ, ಟೆಂಡರು ಅಂಗೀಕರಿಸುವ ಪ್ರಾಧಿಕಾರ ಯಾರು, ಮೇಲ್ಮನವಿ ಪ್ರಾಧಿಕಾರ ಯಾರು. ಎರಡನೆಯದು ಬಹಳ ಮುಖ್ಯ. ಯಾಕೆಂದರೆ ಕೆಟಿಪಿಪಿ ಕಾಯ್ದೆಯ ಕಲಂ 16 ಮೇಲ್ಮನವಿಗೆ ಅವಕಾಶ ಕೊಡುವುದು "ಸರ್ಕಾರವನ್ನು ಬಿಟ್ಟು" ಉಳಿದ ಅಂಗೀಕಾರ ಪ್ರಾಧಿಕಾರಗಳ ಆದೇಶದ ವಿರುದ್ಧ ಮಾತ್ರ. ಸರ್ಕಾರವೇ ಅಂಗೀಕರಿಸಿದ ಟೆಂಡರಿಗೆ ಕಲಂ 16ರ ಬಾಗಿಲು ಇಲ್ಲ, ನೇರವಾಗಿ ಹೈಕೋರ್ಟ್. ಇದು ಗೊತ್ತಿಲ್ಲದೆ ತಪ್ಪು ಕಚೇರಿಗೆ ಮೇಲ್ಮನವಿ ಹಾಕಿ, ಅದು ವಿಚಾರಣೆಗೆ ಅರ್ಹವಲ್ಲ ಎಂದು ಹಿಂದಿರುಗುವಷ್ಟರಲ್ಲಿ ಕೆಲಸ ಅರ್ಧ ಮುಗಿದಿರುತ್ತದೆ. ಕಾಯ್ದೆಯ ಕಲಂ 4(ಜಿ) ಅಡಿ ವಿನಾಯಿತಿ ಪಡೆದು ಟೆಂಡರ್ ಇಲ್ಲದೆಯೇ ಕೊಟ್ಟ ಕೆಲಸಕ್ಕೂ ಇದೇ ಮಾತು. ಅಲ್ಲಿ ಟೆಂಡರುದಾರರೇ ಇಲ್ಲ, ಹಾಗಾಗಿ ಟೆಂಡರುದಾರರ ಮೇಲ್ಮನವಿಯೂ ಇಲ್ಲ.

ಷರತ್ತು ಪ್ರಶ್ನಿಸುವ ಗಡುವು: ಬಿಡ್ ಸಲ್ಲಿಕೆಯ ಕೊನೆಯ ದಿನಕ್ಕೆ ಮೊದಲು

ಅತಿ ಹೆಚ್ಚು ಜನ ತಪ್ಪಿಸಿಕೊಳ್ಳುವ ಗಡುವು ಇದು. ವಹಿವಾಟಿನ ಮೊತ್ತ ಬೇಕೆಂದೇ ಏರಿಸಿದ್ದಾರೆ, ಒಂದೇ ಕಂಪನಿಗೆ ಹೊಂದುವಂತೆ ತಾಂತ್ರಿಕ ವಿವರ ಬರೆದಿದ್ದಾರೆ, ಅಗತ್ಯವಿಲ್ಲದ ಪ್ರಮಾಣಪತ್ರ ಕೇಳಿದ್ದಾರೆ, ನಾಲ್ಕಾರು ಚಿಕ್ಕ ಕೆಲಸಗಳನ್ನು ಒಂದೇ ಪ್ಯಾಕೇಜಾಗಿ ಕಟ್ಟಿದ್ದಾರೆ. ಇಂಥ ದೂರುಗಳಲ್ಲಿ ಹುರುಳಿರಬಹುದು. ಆದರೆ ಆ ಷರತ್ತು ಓದಿ, ಒಪ್ಪಿ, ಬಿಡ್ ಹಾಕಿ, ಸೋತ ಮೇಲೆ "ಷರತ್ತೇ ಸರಿಯಿರಲಿಲ್ಲ" ಎಂದರೆ ಯಾವ ಪ್ರಾಧಿಕಾರವೂ ಕಿವಿಗೊಡುವುದಿಲ್ಲ. ಗೊತ್ತಿದ್ದೂ ಭಾಗವಹಿಸಿದವರು ಆಮೇಲೆ ಆಕ್ಷೇಪಿಸಲಾರರು ಎಂಬುದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿರುವ ತತ್ವ.

ಏನು ಮಾಡಬೇಕು? ಟೆಂಡರ್ ಪೂರ್ವ ಸಭೆಗೆ ಲಿಖಿತ ಪ್ರಶ್ನೆಯೊಂದಿಗೆ ಹೋಗಿ. ಸಭೆಯಲ್ಲಿ ಬಾಯಿಮಾತಿನಲ್ಲಿ ಎತ್ತಿದ ವಿಷಯಕ್ಕೆ ದಾಖಲೆ ಇರುವುದಿಲ್ಲ, ನಡಾವಳಿಯಲ್ಲಿ ಅದು ಬರದೇ ಇರಬಹುದು. ಪ್ರಶ್ನೆಯಲ್ಲಿ ಕಂಡಿಕೆ ಸಂಖ್ಯೆ, ಆ ಕಂಡಿಕೆಯ ಪದಗಳು, ಅದು ಸ್ಪರ್ಧೆಯನ್ನು ಹೇಗೆ ಕುಗ್ಗಿಸುತ್ತದೆ, ಬದಲಾಗಿ ಏನಿರಬೇಕು ಎಂಬ ನಾಲ್ಕು ಅಂಶ ಇರಲಿ. ಸ್ಪಷ್ಟನೆ ಕೇಳಲು ಟೆಂಡರ್ ದಾಖಲೆಯೇ ಒಂದು ಕೊನೆಯ ದಿನ ಕೊಟ್ಟಿರುತ್ತದೆ, ಅದನ್ನು ಮೀರಬೇಡಿ. ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬಿಡ್ ಸಲ್ಲಿಕೆಯ ಕೊನೆಯ ದಿನಕ್ಕೆ ಮೊದಲೇ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬೇಕಾಗುತ್ತದೆ. ಅಷ್ಟು ಸಮಯವಿಲ್ಲದೆ ಬಿಡ್ ಹಾಕಲೇಬೇಕಾಗಿ ಬಂದರೆ "ಆಕ್ಷೇಪವನ್ನು ಕಾಯ್ದಿರಿಸಿಕೊಂಡು ಭಾಗವಹಿಸುತ್ತಿದ್ದೇವೆ" ಎಂಬ ಪತ್ರವನ್ನು ಸಲ್ಲಿಕೆಗೆ ಮುಂಚೆ ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಪತ್ರವನ್ನು ಬಿಡ್‌ನ ಒಳಗೆ ಸೇರಿಸಬಾರದು. ಬಿಡ್ ಷರತ್ತುಬದ್ಧವಾಗಿದೆ ಎಂಬ ಕಾರಣಕ್ಕೆ ತಿರಸ್ಕೃತವಾಗುವ ಅಪಾಯವಿದೆ.

ತಿದ್ದುಪಡಿ ಪ್ರಕಟಣೆಗಳ ಮೇಲೂ ಕಣ್ಣಿಡಿ. ಪ್ರತಿ ತಿದ್ದುಪಡಿಯೂ ಹೊಸ ಷರತ್ತು ತರಬಹುದು, ಆ ಷರತ್ತನ್ನು ಪ್ರಶ್ನಿಸುವ ಸಮಯ ಆ ದಿನದಿಂದ ಓಡತೊಡಗುತ್ತದೆ. ಕೊನೆಯ ದಿನಕ್ಕೆ ಎರಡು ದಿನ ಮೊದಲು ಬಂದ ತಿದ್ದುಪಡಿಯಾದರೆ, ಅದೇ ದಿನ ಸಮಯ ವಿಸ್ತರಣೆ ಕೋರಿ ಇಮೇಲ್ ಕಳಿಸಿ. ಸಮಯ ಸಿಗದಿದ್ದರೂ, ಕೇಳಿದ್ದಿರಿ ಎಂಬುದಕ್ಕೆ ಸಾಕ್ಷಿ ಉಳಿಯುತ್ತದೆ.

ಜೆಮ್‌ನಲ್ಲಿ ಈ ಹಂತದ ಗಡುವು ಸ್ಪಷ್ಟವಾಗಿದೆ. ಖರೀದಿದಾರರು ಸೇರಿಸಿದ ಹೆಚ್ಚುವರಿ ಷರತ್ತುಗಳ ಬಗ್ಗೆ ತಕರಾರಿದ್ದರೆ ಬಿಡ್ ಪ್ರಕಟವಾದ 4 ದಿನದೊಳಗೆ ಮಾರಾಟಗಾರರ ಡ್ಯಾಶ್‌ಬೋರ್ಡಿನ ಅಹವಾಲು ವಿಂಡೋದಲ್ಲೇ ಸಲ್ಲಿಸಬೇಕು ಎಂದು ಬಿಡ್ ದಾಖಲೆಯ ಕೊನೆಯಲ್ಲಿ ಬರೆದಿರುತ್ತದೆ. ಅಹವಾಲಿಗೆ ಉತ್ತರಿಸುವುದು ಖರೀದಿದಾರರ ಕರ್ತವ್ಯ, ಉತ್ತರಿಸದೆ ಬಿಡ್ ತೆರೆಯಲು ಬರುವುದಿಲ್ಲ ಎಂದೂ ಅಲ್ಲೇ ಇದೆ. ಇದು ಬಿಡ್‌ದಾರರ ಕೈಗೆ ಸಿಕ್ಕ ಒಳ್ಳೆಯ ಆಯುಧ. ಪ್ರಕಟವಾದ ಐದನೆಯ ದಿನ ಬಿಡ್ ನೋಡಿದವರಿಗೆ ಅದು ಸಿಗುವುದಿಲ್ಲ. ಕಚೇರಿಗೆ ಬರೆದ ಕಾಗದ ಈ ವಿಂಡೋಗೆ ಬದಲಿಯಾಗುವುದಿಲ್ಲ.

ತಾಂತ್ರಿಕ ಹಂತದಲ್ಲಿ ತಿರಸ್ಕೃತರಾದಾಗ: ಗಂಟೆಗಳ ಲೆಕ್ಕ

ಎರಡು ಲಕೋಟೆ ಪದ್ಧತಿಯಲ್ಲಿ ತಾಂತ್ರಿಕ ಬಿಡ್ ಮೊದಲು ತೆರೆಯುತ್ತದೆ, ಅದರಲ್ಲಿ ಪಾಸಾದವರ ಆರ್ಥಿಕ ಬಿಡ್ ಮಾತ್ರ ಆಮೇಲೆ. ಈ ಎರಡರ ನಡುವಿನ ಅಂತರ ಕೆಲವೊಮ್ಮೆ ಒಂದೆರಡು ದಿನವಷ್ಟೇ. ನಿಮ್ಮ ಬಿಡ್ ತಾಂತ್ರಿಕವಾಗಿ ಬಿದ್ದಿದೆ ಎಂದು ಪೋರ್ಟಲಿನಲ್ಲಿ ಕಂಡ ದಿನವೇ ಲಿಖಿತ ಆಕ್ಷೇಪ ಹೋಗಬೇಕು. ಅದರಲ್ಲಿ ತಿರಸ್ಕಾರಕ್ಕೆ ಕಾರಣ ಕೊಡಿ ಎಂಬ ಕೋರಿಕೆ, ಆಕ್ಷೇಪ ಇತ್ಯರ್ಥವಾಗುವ ತನಕ ಆರ್ಥಿಕ ಬಿಡ್ ತೆರೆಯಬೇಡಿ ಎಂಬ ಕೋರಿಕೆ, ಈ ಎರಡೂ ಇರಲಿ.

ಅವಸರ ಯಾಕೆಂದರೆ, ಆರ್ಥಿಕ ಬಿಡ್ ತೆರೆದು ದರಗಳು ಬಯಲಾದ ಮೇಲೆ ನಿಮ್ಮ ಬಿಡ್ಡನ್ನು ಮತ್ತೆ ಒಳಗೆ ಸೇರಿಸುವುದು ತೊಡಕಿನ ಕೆಲಸ. ಅತಿ ಕಡಿಮೆ ದರ ಹೇಳಿ ಎಲ್‌1 ಆದವರು ಆಗ ತಮಗೂ ಹಕ್ಕು ಹುಟ್ಟಿದೆ ಎಂದು ವಾದಿಸುತ್ತಾರೆ. "ದರ ನೋಡಿದ ಮೇಲೆ ತಕರಾರು ಎತ್ತಿದ್ದಾರೆ" ಎಂಬ ಮಾತೂ ಬರುತ್ತದೆ.

ಇಲ್ಲೊಂದು ಕಾನೂನಿನ ಸಂದಿ ಇದೆ, ಅದು ಹಲವರನ್ನು ಸಿಕ್ಕಿಸುತ್ತದೆ. ಕೆಟಿಪಿಪಿ ಕಲಂ 16 ಹೆಸರಿಸುವುದು ಕಲಂ 13ರ ಅಡಿ ಹೊರಡಿಸಿದ ಆದೇಶವನ್ನು, ಅಂದರೆ ಟೆಂಡರ್ ಅಂಗೀಕಾರದ ಆದೇಶವನ್ನು. ಅಂಗೀಕಾರ ಇನ್ನೂ ಆಗದೆ, ತಾಂತ್ರಿಕ ಹಂತದಲ್ಲೇ ಹೊರಗೆ ಬಿದ್ದವರು ಮೇಲ್ಮನವಿ ಹಾಕಿದರೆ ಎದುರಿನವರು "ಪ್ರಶ್ನಿಸಬೇಕಾದ ಆದೇಶವೇ ಇನ್ನೂ ಹುಟ್ಟಿಲ್ಲ" ಎಂದು ಆಕ್ಷೇಪಿಸಬಹುದು. ಅಂಗೀಕಾರಕ್ಕೆ ಕಾದರೆ ತಡವಾಯಿತು ಎನ್ನಬಹುದು. ಹೀಗಾಗಿ ತಾಂತ್ರಿಕ ತಿರಸ್ಕಾರದ ಎದುರು ಮೊದಲು ಲಿಖಿತ ಆಕ್ಷೇಪ, ಉತ್ತರ ಬಾರದಿದ್ದರೆ ಆರ್ಥಿಕ ಬಿಡ್ ತೆರೆಯುವ ಮುನ್ನ ರಿಟ್ ಅರ್ಜಿಯ ಸಿದ್ಧತೆ, ಅಷ್ಟರಲ್ಲಿ ಅಂಗೀಕಾರ ಆದೇಶ ಬಂದರೆ ಕೂಡಲೇ ಕಲಂ 16ರ ಮೇಲ್ಮನವಿ. ಈ ಕ್ರಮದಲ್ಲಿ ಹೋದರೆ ಯಾವ ಬಾಗಿಲೂ ಮುಚ್ಚುವುದಿಲ್ಲ. ಎಲ್ಲ ಟೆಂಡರುಗಳನ್ನೂ ಒಟ್ಟಾಗಿ ತಿರಸ್ಕರಿಸುವ ಅಧಿಕಾರ ಇರುವುದು ಕಲಂ 14ರಲ್ಲಿ. ಆ ತಿರಸ್ಕಾರವನ್ನು ಪ್ರಶ್ನಿಸಬೇಕಾದವರೂ ಹೈಕೋರ್ಟಿನ ದಾರಿಯನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಜೆಮ್ ಬಿಡ್ ದಾಖಲೆಯಲ್ಲಿ ತಾಂತ್ರಿಕ ಸ್ಪಷ್ಟನೆಗೆ ಕೊಟ್ಟ ಸಮಯ ಸಾಮಾನ್ಯವಾಗಿ 2 ದಿನ. ಖರೀದಿದಾರರು ಕೇಳಿದ ದಾಖಲೆ ಆ ಎರಡು ದಿನದಲ್ಲಿ ಏರದಿದ್ದರೆ ಮುಂದಿನ ಹೋರಾಟಕ್ಕೆ ಬುಡವೇ ಇರುವುದಿಲ್ಲ. ಶನಿವಾರ ಬೆಳಗ್ಗೆ ಬಂದ ಕೋರಿಕೆಯನ್ನು ಸೋಮವಾರ ನೋಡೋಣ ಎಂದು ಬಿಡಬೇಡಿ. ಪೋರ್ಟಲಿಗೆ ಕೊಟ್ಟ ಇಮೇಲ್ ಮತ್ತು ಮೊಬೈಲ್ ಸಂಖ್ಯೆ ಲೆಕ್ಕಪತ್ರ ನೋಡುವವರದ್ದೋ, ಕೆಲಸ ಬಿಟ್ಟು ಹೋದವರದ್ದೋ ಆಗಿದ್ದರೆ ಇಂದೇ ಬದಲಿಸಿ.

30 ದಿನ ಎಣಿಸುವ ಬಗೆ

ಕಲಂ 16ರ ಪ್ರಕಾರ ಆದೇಶ ಕೈಸೇರಿದ ದಿನಾಂಕದಿಂದ 30 ದಿನದೊಳಗೆ ಗೊತ್ತುಪಡಿಸಿದ ಪ್ರಾಧಿಕಾರದ ಮುಂದೆ ಮೇಲ್ಮನವಿ ಸಲ್ಲಿಸಬೇಕು. ತಡವಾಗಲು ಸಾಕಷ್ಟು ಕಾರಣವಿತ್ತು ಎಂದು ಪ್ರಾಧಿಕಾರಕ್ಕೆ ಮನವರಿಕೆಯಾದರೆ ಇನ್ನೂ 30 ದಿನ ಮೀರದಷ್ಟು ಸಮಯ ಕೊಡಬಹುದು. ಅದರಾಚೆ ಕೊಡುವ ಅಧಿಕಾರವನ್ನು ಕಾಯ್ದೆ ಆ ಪ್ರಾಧಿಕಾರಕ್ಕೆ ಕೊಟ್ಟಿಲ್ಲ.

ಎಣಿಕೆ ಹೀಗೆ. ಆದೇಶ ಕೈಸೇರಿದ ದಿನವನ್ನು ಬಿಡಬೇಕು. ಮಾರ್ಚ್ 5ರಂದು ಆದೇಶ ಸಿಕ್ಕಿದರೆ ಮಾರ್ಚ್ 6 ಒಂದನೆಯ ದಿನ. ಮಾರ್ಚ್‌ನಲ್ಲಿ 26 ದಿನ, ಏಪ್ರಿಲ್‌ನಲ್ಲಿ 4 ದಿನ, ಒಟ್ಟು 30. ಕೊನೆಯ ದಿನ ಏಪ್ರಿಲ್ 4. ಇಲ್ಲಿ ಆಗುವ ತಪ್ಪು "ಒಂದು ತಿಂಗಳು" ಎಂದುಕೊಂಡು ಏಪ್ರಿಲ್ 5ರಂದು ಹೋಗುವುದು. 31 ದಿನದ ತಿಂಗಳಲ್ಲಿ ಆ ಒಂದು ದಿನದ ವ್ಯತ್ಯಾಸಕ್ಕೆ ವಿಳಂಬ ಮನ್ನಿಸುವ ಅರ್ಜಿ, ಅಫಿಡವಿಟ್, ಅದರ ಮೇಲೊಂದು ವಾದ, ಎಲ್ಲವೂ ಬೇಕಾಗುತ್ತದೆ. ಮನ್ನಿಸಬಹುದಾದ ಹೆಚ್ಚುವರಿ ಅವಧಿ ಈ ಉದಾಹರಣೆಯಲ್ಲಿ ಮೇ 4ಕ್ಕೆ ಮುಗಿಯುತ್ತದೆ.

ರಜೆಗಳು ಎಣಿಕೆಯೊಳಗೇ ಸೇರಿವೆ. ಭಾನುವಾರ, ಎರಡನೇ ಶನಿವಾರ, ಹಬ್ಬ ಯಾವುದನ್ನೂ ಕಳೆಯುವಂತಿಲ್ಲ. 30ನೆಯ ದಿನ ಕಚೇರಿ ಮುಚ್ಚಿದ್ದರೆ ಮಾತ್ರ ಕಚೇರಿ ತೆರೆಯುವ ಮುಂದಿನ ದಿನ ಸಲ್ಲಿಸಿದರೆ ನಡೆಯುತ್ತದೆ, ಇದು ಸಾಮಾನ್ಯ ಖಂಡಗಳ ಅಧಿನಿಯಮದ ತತ್ವ. ಆದರೆ ಹೆಚ್ಚುವರಿ 30 ದಿನದ ಕೊನೆ ರಜೆಯಲ್ಲಿ ಬಿದ್ದಾಗಲೂ ಇದೇ ರಿಯಾಯಿತಿ ಸಿಗುತ್ತದೆ ಎಂದು ನಂಬಿ ಕೂರಬೇಡಿ. ಮಧ್ಯಸ್ಥಿಕೆ ಕಾಯ್ದೆಯಲ್ಲಿರುವ ಇಂಥದೇ ಹೆಚ್ಚುವರಿ 30 ದಿನದ ಬಗ್ಗೆ ಸುಪ್ರೀಂ ಕೋರ್ಟ್ 2012ರಲ್ಲಿ, ಮನ್ನಿಸಬಹುದಾದ ಅವಧಿಗೆ ಪರಿಮಿತಿ ಕಾಯ್ದೆಯ ರಜೆಯ ಅನುಕೂಲ ಅನ್ವಯಿಸದು ಎಂದಿದೆ. ಆ ತರ್ಕವನ್ನು ಇಲ್ಲಿಗೂ ಎಳೆದು ತರುವ ವಕೀಲರು ಎದುರಿಗೆ ಇದ್ದೇ ಇರುತ್ತಾರೆ.

ಇನ್ನು "ಕೈಸೇರಿದ ದಿನಾಂಕ" ಯಾವುದು? ಕಾಗದದಲ್ಲಿ ಬಂದ ಆದೇಶಕ್ಕೆ ಅಂಚೆಯ ಸ್ವೀಕೃತಿಯ ದಿನ. ಲಕೋಟೆಯನ್ನು ಎಸೆಯಬೇಡಿ, ಅದರ ಮೇಲಿನ ಮುದ್ರೆಯೇ ಸಾಕ್ಷಿ. ಇಮೇಲ್ ಅಥವಾ ಪೋರ್ಟಲ್ ಮೂಲಕ ಬಂದರೆ ನೀವು ತೆರೆದು ಓದಿದ ದಿನ ಎಂದು ವಾದಿಸುವುದು ಕಷ್ಟ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 13ರಂತೆ, ಸಂದೇಶ ಪಡೆಯಲೆಂದು ಗೊತ್ತುಮಾಡಿದ ವ್ಯವಸ್ಥೆಯೊಳಗೆ ಅದು ಪ್ರವೇಶಿಸಿದ ಹೊತ್ತೇ ತಲುಪಿದ ಹೊತ್ತು. ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿದ್ದರೂ ಗಡಿಯಾರ ಓಡುತ್ತಿರುತ್ತದೆ. ಲೆಕ್ಕವನ್ನು ಯಾವಾಗಲೂ ಎಲ್ಲಕ್ಕಿಂತ ಮೊದಲಿನ ದಿನಾಂಕದಿಂದ ಹಾಕಿ: ಪೋರ್ಟಲಿನಲ್ಲಿ ಕಂಡ ದಿನ, ಇಮೇಲ್ ಬಂದ ದಿನ, ಅಂಚೆ ಬಂದ ದಿನ, ಇವುಗಳಲ್ಲಿ ಯಾವುದು ಮೊದಲೋ ಅದು. ತಡವಾದ ದಿನಾಂಕವನ್ನು ವಾದಕ್ಕೆ ಇಟ್ಟುಕೊಳ್ಳಿ, ಯೋಜನೆಗೆ ಬೇಡ.

ಸೋತವರಿಗೆ ಆದೇಶದ ಪ್ರತಿಯೇ ಬಾರದಿರುವುದೂ ಉಂಟು. ಆಗ ಸುಮ್ಮನೆ ಕಾಯುವುದು ತಪ್ಪು. ಆದೇಶವಾದ ಸುದ್ದಿ ತಿಳಿದ ದಿನವೇ ಪ್ರತಿ ಕೋರಿ ಅರ್ಜಿ ಕೊಡಿ. ನಿಮಗೆ ವಿಷಯ ಯಾವಾಗ ತಿಳಿಯಿತು, ನೀವು ಎಷ್ಟು ಬೇಗ ಕೇಳಿದಿರಿ ಎಂಬುದನ್ನು ಆ ಅರ್ಜಿಯ ದಿನಾಂಕವೇ ತೋರಿಸುತ್ತದೆ.

ಮನವಿಪತ್ರ ಗಡುವನ್ನು ನಿಲ್ಲಿಸುವುದಿಲ್ಲ

ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕಾರ್ಯಪಾಲಕ ಎಂಜಿನಿಯರಿಗೆ ಮನವಿ, ಮುಖ್ಯ ಎಂಜಿನಿಯರಿಗೆ ಪ್ರತಿ, ಸಚಿವರ ಕಚೇರಿಗೆ ದೂರು, ಲೋಕಾಯುಕ್ತಕ್ಕೆ ಅರ್ಜಿ, ಇವೆಲ್ಲ ಹೋಗುತ್ತಿರಲಿ. ಆದರೆ ಇವು ಯಾವುವೂ ಕಲಂ 16ರ ಮೇಲ್ಮನವಿಯಲ್ಲ, ಇವುಗಳ ಉತ್ತರಕ್ಕೆ ಕಾದ ದಿನಗಳು 30 ದಿನದಿಂದ ಕಳೆಯುವುದೂ ಇಲ್ಲ. "ಪರಿಶೀಲಿಸುತ್ತೇವೆ, ಮುಂದಿನ ವಾರ ಬನ್ನಿ" ಎಂಬ ಮಾತು ಕೇಳಿ ತಿಂಗಳು ಕಳೆದವರಿಗೆ ಉಳಿಯುವುದು ವಿಳಂಬದ ಅರ್ಜಿ ಮಾತ್ರ.

ಮಾಹಿತಿ ಹಕ್ಕಿನ ಅರ್ಜಿಯ ಲೆಕ್ಕವೂ ಹೀಗೇ. ಮಾಹಿತಿ ಕೊಡಲು ಕಾಯ್ದೆ ಕೊಟ್ಟ ಅವಧಿಯೇ 30 ದಿನ. ಕೇಳಿದ ದಾಖಲೆ ಇನ್ನೊಬ್ಬ ಬಿಡ್‌ದಾರರದ್ದಾದರೆ ಅವರಿಗೆ ಮೂರನೇ ವ್ಯಕ್ತಿಯ ನೋಟಿಸ್ ಹೋಗಿ ಇನ್ನಷ್ಟು ತಡವಾಗುತ್ತದೆ, ವಾಣಿಜ್ಯ ಗೋಪ್ಯತೆಯ ಕಾರಣಕ್ಕೆ ನಿರಾಕರಣೆಯೂ ಆಗಬಹುದು. ಅಂದರೆ ದಾಖಲೆ ಕೈಗೆ ಬರುವಷ್ಟರಲ್ಲಿ ಮೇಲ್ಮನವಿಯ ಗಡುವು ಮುಗಿದಿರುತ್ತದೆ. ಅರ್ಜಿ ಹಾಕಿ, ಆದರೆ ಅದಕ್ಕೆ ಕಾಯಬೇಡಿ. ಕೈಯಲ್ಲಿರುವ ದಾಖಲೆಗಳ ಮೇಲೆ ಮೇಲ್ಮನವಿ ಹಾಕಿ, "ಇನ್ನಷ್ಟು ದಾಖಲೆ ಸಿಕ್ಕ ಮೇಲೆ ಹೆಚ್ಚುವರಿ ಆಧಾರಗಳನ್ನು ಸಲ್ಲಿಸಲು ಅವಕಾಶ ಕಾಯ್ದಿರಿಸಿದೆ" ಎಂಬ ಒಂದು ವಾಕ್ಯ ಸೇರಿಸಿ.

ಇದಕ್ಕಿಂತ ಚುರುಕಾದ ದಾರಿ ಕಲಂ 13ರಲ್ಲೇ ಇದೆ. ಟೆಂಡರ್ ಅಂಗೀಕರಿಸುವಾಗ ಪ್ರಾಧಿಕಾರವು ತುಲನಾತ್ಮಕ ವಿಶ್ಲೇಷಣೆಯನ್ನೂ ಅಂಗೀಕಾರದ ಕಾರಣಗಳನ್ನೂ ದಾಖಲಿಸಿ ತಿಳಿಸಬೇಕು. ಆದ್ದರಿಂದ ಆ ಕಾಗದಗಳು ಕಡತದಲ್ಲಿ ಇರಲೇಬೇಕು. ನಿಮ್ಮ ಪತ್ರದಲ್ಲಿ "ಮಾಹಿತಿ ಕೊಡಿ" ಎಂದು ಹಾರಿಕೆಯಾಗಿ ಬರೆಯದೆ, ಕಲಂ 13ರಡಿ ಸಿದ್ಧಪಡಿಸಿದ ತುಲನಾತ್ಮಕ ವಿಶ್ಲೇಷಣೆ, ಟೆಂಡರು ಪರಿಶೀಲನಾ ಸಮಿತಿಯ ನಡಾವಳಿ, ನಮ್ಮ ಬಿಡ್ ತಿರಸ್ಕಾರದ ಕಾರಣ ಎಂದು ಹೆಸರಿಟ್ಟು ಕೇಳಿ. ಕೊಡದಿದ್ದರೆ ಅದೇ ಮೇಲ್ಮನವಿಯ ಒಂದು ಆಧಾರ.

ಮೊದಲ ವಾರದೊಳಗೆ

ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಕಾರ್ಯಾದೇಶ ತಾನಾಗಿ ನಿಲ್ಲುವುದಿಲ್ಲ. ತಡೆ ಬೇಕಿದ್ದರೆ ಬೇರೆ ಅರ್ಜಿ ಹಾಕಿ ಕೇಳಬೇಕು. ಕರಾರಿಗೆ ಸಹಿಯಾಗಿ ಕೆಲಸ ಶುರುವಾದ ಮೇಲೆ ತಡೆ ಸಿಗುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತದೆ. ಅದಕ್ಕಾಗಿಯೇ 30 ದಿನವನ್ನು ಮರೆತು 7 ದಿನವನ್ನು ನಿಮ್ಮ ಗಡುವಾಗಿ ಇಟ್ಟುಕೊಳ್ಳಿ.

ಆದೇಶ ಕಂಡ ದಿನ ಪೋರ್ಟಲಿನ ಎಲ್ಲ ಪುಟಗಳನ್ನೂ ದಿನಾಂಕ, ಸಮಯ ಕಾಣುವಂತೆ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ: ಟೆಂಡರ್ ಪ್ರಕಟಣೆ, ತಿದ್ದುಪಡಿಗಳು, ನೀವು ಏರಿಸಿದ ದಾಖಲೆಗಳ ಪಟ್ಟಿ, ಸಲ್ಲಿಕೆಯ ಸ್ವೀಕೃತಿ, ಮೌಲ್ಯಮಾಪನದ ಫಲಿತಾಂಶ. "ದಾಖಲೆ ಲಗತ್ತಿಸಿಲ್ಲ" ಎಂಬ ಕಾರಣಕ್ಕೆ ತಿರಸ್ಕೃತವಾದ ಪ್ರಕರಣದಲ್ಲಿ ಸಲ್ಲಿಕೆಯ ಸ್ವೀಕೃತಿಯೊಂದೇ ಗೆಲುವು ಸೋಲನ್ನು ತೀರ್ಮಾನಿಸುತ್ತದೆ. ಅದೇ ದಿನ ದಾಖಲೆ ಕೋರುವ ಪತ್ರ ಮತ್ತು ಕಾರ್ಯಾದೇಶ ಕೊಡಬೇಡಿ ಎಂಬ ಪತ್ರ, ಎರಡೂ ಹೋಗಲಿ. ಇಮೇಲ್ ಮಾಡಿ, ಜೊತೆಗೆ ಟಪಾಲು ವಿಭಾಗಕ್ಕೆ ಒಯ್ದು ಮುದ್ರೆ, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಎರಡನೆಯ ಮೂರನೆಯ ದಿನ ವಕೀಲರ ಜೊತೆ ಕೂತು ಆಧಾರಗಳನ್ನು ಸೋಸಿ. ಐದನೆಯ ದಿನಕ್ಕೆ ಕರಡು. ಏಳನೆಯ ದಿನ ಸಲ್ಲಿಕೆ.

ಬಿಡ್ ಜೊತೆ ಕಟ್ಟುವ ಠೇವಣಿಯಾದ ಇಎಂಡಿ ಬಗ್ಗೆ ಎಚ್ಚರ ಬೇಕು. ಮೇಲ್ಮನವಿ ಬಾಕಿ ಇರುವಾಗ ಮರುಮಾತಿಲ್ಲದೆ ಇಎಂಡಿ ವಾಪಸ್ ಪಡೆದರೆ, ಅಥವಾ ಬಿಡ್‌ನ ಮಾನ್ಯತಾ ಅವಧಿ ಮುಗಿಯಲು ಬಿಟ್ಟರೆ, "ಇವರ ಬಿಡ್ಡೇ ಈಗ ಜೀವಂತವಾಗಿಲ್ಲ, ಇವರಿಗೆ ಕೆಲಸ ಕೊಡುವುದು ಹೇಗೆ" ಎಂಬ ವಾದಕ್ಕೆ ಎಡೆ ಮಾಡಿಕೊಟ್ಟಂತೆ. ಅವಧಿ ಮುಗಿಯುವ ಮೊದಲೇ ಅದನ್ನು ವಿಸ್ತರಿಸುತ್ತೇವೆ ಎಂದು ಬರೆದುಕೊಡಿ. ಇಎಂಡಿ ತಾನಾಗಿ ಖಾತೆಗೆ ಮರಳಿದರೆ, ಮೇಲ್ಮನವಿಯ ಹಕ್ಕು ಬಿಟ್ಟುಕೊಟ್ಟಿಲ್ಲ, ಕೇಳಿದಾಗ ಮತ್ತೆ ಕಟ್ಟಲು ಸಿದ್ಧ ಎಂದು ಪತ್ರ ಕೊಡಿ.

ಮೇಲ್ಮನವಿಯಲ್ಲಿ ಏನಿರಬೇಕು

ಮೊದಲ ಪುಟದಲ್ಲೇ ಟೆಂಡರ್ ಸಂಖ್ಯೆ, ಕೆಲಸದ ಹೆಸರು, ಪ್ರಶ್ನಿಸುತ್ತಿರುವ ಆದೇಶದ ಸಂಖ್ಯೆ ಮತ್ತು ದಿನಾಂಕ, ಅದು ಕೈಸೇರಿದ ದಿನಾಂಕ. ಅದರ ಕೆಳಗೆ "ಈ ಮೇಲ್ಮನವಿ ಕಾಲಮಿತಿಯೊಳಗಿದೆ" ಎಂದು ಎಣಿಕೆ ಸಮೇತ ಒಂದು ಕಂಡಿಕೆ. ಎದುರುದಾರರ ಪಟ್ಟಿಯಲ್ಲಿ ಟೆಂಡರು ಅಂಗೀಕರಿಸಿದ ಪ್ರಾಧಿಕಾರ, ಆಹ್ವಾನಿಸಿದ ಪ್ರಾಧಿಕಾರ, ಮತ್ತು ತಪ್ಪದೆ ಯಶಸ್ವಿ ಬಿಡ್‌ದಾರರು. ಗೆದ್ದವರನ್ನು ಕಕ್ಷಿದಾರರನ್ನಾಗಿ ಮಾಡದ ಮೇಲ್ಮನವಿಯಲ್ಲಿ ಅವರ ವಿರುದ್ಧ ಆದೇಶ ಮಾಡಲಾಗದು. ಈ ದೋಷ ತಿದ್ದಲು ಹೊರಟರೆ ವಾರಗಳು ಹೋಗುತ್ತವೆ.

ಸಹಿ ಹಾಕುವವರ ಅಧಿಕಾರಪತ್ರ ಮರೆಯಬೇಡಿ: ಕಂಪನಿಯಾದರೆ ನಿರ್ದೇಶಕ ಮಂಡಳಿಯ ನಿರ್ಣಯ, ಪಾಲುದಾರಿಕೆಯಾದರೆ ಪಾಲುದಾರರ ಒಪ್ಪಿಗೆ ಪತ್ರ, ಜಂಟಿ ಉದ್ಯಮವಾದರೆ ಎಲ್ಲ ಸದಸ್ಯರದ್ದೂ. ಲಗತ್ತುಗಳಿಗೆ ಪುಟ ಸಂಖ್ಯೆ ಹಾಕಿ, ಸೂಚಿ ಇರಲಿ. ಪ್ರಾಧಿಕಾರಕ್ಕೊಂದು, ಪ್ರತಿ ಎದುರುದಾರರಿಗೊಂದು, ನಿಮಗೊಂದು ಎಂದು ಪ್ರತಿಗಳನ್ನು ಮಾಡಿಸಿ. ತಡೆ ಕೋರುವ ಅರ್ಜಿ ಪ್ರತ್ಯೇಕವಾಗಿರಲಿ, ಅದರಲ್ಲಿ ಕೆಲಸ ಯಾವ ಹಂತದಲ್ಲಿದೆ ಎಂಬುದನ್ನು ಪ್ರಾಮಾಣಿಕವಾಗಿ ಹೇಳಿ. ಕಾರ್ಯಾದೇಶ ಆಗಿಹೋಗಿರುವುದನ್ನು ಮುಚ್ಚಿಟ್ಟು ತಡೆ ಪಡೆದರೆ ಅದು ತೆರವಾಗುವುದಷ್ಟೇ ಅಲ್ಲ, ನಿಮ್ಮ ಉಳಿದ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ. ಅಂಚೆಯಲ್ಲಿ ಕಳಿಸಿದ ದಿನವೇ ಸಲ್ಲಿಸಿದ ದಿನ ಎಂದು ಎಣಿಸದೆ, ಕೈಯಾರೆ ಒಯ್ದು ಸ್ವೀಕೃತಿ ಪಡೆಯುವುದೇ ಸುರಕ್ಷಿತ.

ಆಧಾರಗಳಲ್ಲಿ ಬಲವಿರುವುದು ಟೆಂಡರ್ ದಾಖಲೆಯ ಕಂಡಿಕೆಗೂ ಮೌಲ್ಯಮಾಪನಕ್ಕೂ ಇರುವ ಅಂತರ ತೋರಿಸುವವಕ್ಕೆ. ಪ್ರಕಟಿಸದ ಮಾನದಂಡ ಬಳಸಿದ್ದಾರೆ. ಕಡ್ಡಾಯ ದಾಖಲೆ ಇಲ್ಲದ ಎಲ್‌1ಗೆ ರಿಯಾಯಿತಿ ಕೊಟ್ಟು, ಅದೇ ಕೊರತೆಗೆ ನಮ್ಮನ್ನು ಹೊರಗಿಟ್ಟಿದ್ದಾರೆ. ವಹಿವಾಟು ಲೆಕ್ಕ ಹಾಕಲು ತಪ್ಪು ಆರ್ಥಿಕ ವರ್ಷಗಳನ್ನು ಹಿಡಿದಿದ್ದಾರೆ. ಏರಿಸಿದ ದಾಖಲೆಯನ್ನೇ ನೋಡಿಲ್ಲ. ಇಂಥವು ನಿಲ್ಲುತ್ತವೆ. "ನಮಗೆ ಅವರಿಗಿಂತ ಹೆಚ್ಚು ಅನುಭವವಿದೆ", "ನಮ್ಮ ದರ ಸ್ವಲ್ಪವೇ ಹೆಚ್ಚು", "ಬಿಟ್ಟುಹೋದ ಪ್ರಮಾಣಪತ್ರವನ್ನು ಈಗ ಕೊಡುತ್ತೇವೆ" ಎಂಬುವು ನಿಲ್ಲುವುದಿಲ್ಲ. ಇಪ್ಪತ್ತು ಆಧಾರ ಬರೆದರೆ ಒಳ್ಳೆಯ ಮೂರು ಅದರೊಳಗೆ ಮುಳುಗಿಹೋಗುತ್ತವೆ.

ಹೈಕೋರ್ಟ್: ಗಡುವಿಲ್ಲ, ಆದರೆ ಸಮಯವೂ ಇಲ್ಲ

ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿಗೆ ಇಂತಿಷ್ಟು ದಿನ ಎಂಬ ಕಾಲಮಿತಿ ಕಾಯ್ದೆಯಲ್ಲಿಲ್ಲ. ಅದನ್ನೇ ನೆಚ್ಚಿಕೊಂಡರೆ ಕೆಟ್ಟಂತೆ. ಟೆಂಡರ್ ವಿಷಯದಲ್ಲಿ ವಾರಗಳ ವಿಳಂಬಕ್ಕೂ ವಿವರಣೆ ಕೇಳುತ್ತಾರೆ, ಅಷ್ಟರಲ್ಲಿ ಕೆಲಸ ಮುಂದುವರಿದಿದ್ದರೆ ಅದೊಂದೇ ಕಾರಣಕ್ಕೆ ಅರ್ಜಿ ಬೀಳಬಹುದು.

ನ್ಯಾಯಾಲಯ ಏನು ನೋಡುತ್ತದೆ ಎಂಬುದೂ ಸ್ಪಷ್ಟವಿದೆ. 1994ರ ಟಾಟಾ ಸೆಲ್ಯುಲರ್ ತೀರ್ಪಿನಿಂದೀಚೆಗೆ ನ್ಯಾಯಾಲಯ ಪರಿಶೀಲಿಸುವುದು ನಿರ್ಧಾರಕ್ಕೆ ಬಂದ ಕ್ರಮವನ್ನೇ ಹೊರತು ನಿರ್ಧಾರದ ಗುಣವನ್ನಲ್ಲ. 2007ರ ಜಗದೀಶ್ ಮಂಡಲ್ ತೀರ್ಪು ಎರಡು ಪ್ರಶ್ನೆ ಮುಂದಿಟ್ಟಿತು: ನಿರ್ಧಾರ ದುರುದ್ದೇಶದ್ದೋ, ಅಥವಾ ಯಾವ ವಿವೇಕವಂತ ಪ್ರಾಧಿಕಾರವೂ ಮಾಡದಷ್ಟು ಮನಸೋಇಚ್ಛೆಯದ್ದೋ? ಅದರಿಂದ ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗಿದೆಯೋ? 2022ರ ಎನ್.ಜಿ. ಪ್ರಾಜೆಕ್ಟ್ಸ್ ತೀರ್ಪು ಟೆಂಡರುಗಳಿಗೆ ತಡೆ ಕೊಡುವಾಗ ಬಹಳ ಹಿಂಜರಿಯಬೇಕು ಎಂದಿತು. ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ಬಂದ ತಿದ್ದುಪಡಿ ಮೂಲಸೌಕರ್ಯ ಯೋಜನೆಗಳಿಗೆ ಅಡ್ಡಿಯಾಗುವ ತಡೆಯಾಜ್ಞೆಯನ್ನು ನಿರ್ಬಂಧಿಸಿದೆ. ಇವೆಲ್ಲದರ ಅರ್ಥ ಇಷ್ಟು: ಕೆಲಸ ಶುರುವಾಗುವ ಮುನ್ನ ಹೋದವರ ಮಾತಿಗೂ ಆಮೇಲೆ ಹೋದವರ ಮಾತಿಗೂ ತೂಕ ಒಂದೇ ಅಲ್ಲ.

ಕಲಂ 16ರ ಮೇಲ್ಮನವಿ ಲಭ್ಯವಿರುವಾಗ ಅದನ್ನು ಬಿಟ್ಟು ನೇರವಾಗಿ ಹೈಕೋರ್ಟಿಗೆ ಹೋದರೆ "ಪರ್ಯಾಯ ಪರಿಹಾರ ಇದೆ, ಅಲ್ಲಿಗೆ ಹೋಗಿ" ಎಂದು ಕಳಿಸಬಹುದು. ಆ ಹೊತ್ತಿಗೆ 30 ದಿನ ಕಳೆದಿದ್ದರೆ ಇಕ್ಕಟ್ಟು. ಅಂಥ ಸಂದರ್ಭದಲ್ಲಿ ಅರ್ಜಿ ಹಿಂಪಡೆಯುವ ಮೊದಲು, ಮೇಲ್ಮನವಿ ಸಲ್ಲಿಸಲು ಇಂತಿಷ್ಟು ದಿನ ಮತ್ತು ಇಲ್ಲಿ ಕಳೆದ ಸಮಯವನ್ನು ಕಾಲಮಿತಿಯಿಂದ ಕಳೆಯುವ ಸೂಚನೆ, ಎರಡನ್ನೂ ಆದೇಶದಲ್ಲೇ ದಾಖಲಿಸುವಂತೆ ಕೋರಿಕೊಳ್ಳಿ. ಮೇಲ್ಮನವಿಯಲ್ಲಿ ಬಂದ ಆದೇಶ ಅಂತಿಮ ಎಂದು ಕಾಯ್ದೆ ಹೇಳಿದರೂ ರಿಟ್ ದಾರಿ ತೆರೆದೇ ಇರುತ್ತದೆ.

ಬೇರೆ ನಿಯಮಗಳ ಗಡುವು

ಕೇಂದ್ರ ಹಣಕಾಸು ಸಚಿವಾಲಯದ ಖರೀದಿ ಕೈಪಿಡಿಯ ಪ್ರಕಾರ ತಾಂತ್ರಿಕ ಅಥವಾ ಆರ್ಥಿಕ ಮೌಲ್ಯಮಾಪನದ ಫಲಿತಾಂಶ ಘೋಷಿಸಿದ 10 ದಿನದೊಳಗೆ ದೂರು ಕೊಡಬೇಕು ಅಥವಾ ತಿರಸ್ಕಾರದ ಕಾರಣ ಕೇಳಬೇಕು. ಭಾಗವಹಿಸಿದವರಿಗೆ ಮಾತ್ರ ಈ ಹಕ್ಕು, ತಾಂತ್ರಿಕ ಹಂತದಲ್ಲಿ ಬಿದ್ದವರು ಆರ್ಥಿಕ ಹಂತದ ಬಗ್ಗೆ ಆಕ್ಷೇಪಿಸುವಂತಿಲ್ಲ. ಖರೀದಿಯ ಅಗತ್ಯವಿತ್ತೇ, ಎಲ್‌1 ಜೊತೆ ದರ ಮಾತುಕತೆ ಮಾಡಬೇಕಿತ್ತೇ ಎಂಬಂಥ ನಿರ್ಧಾರಗಳನ್ನು ಈ ದಾರಿಯಲ್ಲಿ ಪ್ರಶ್ನಿಸಲಾಗದು. ತಿರಸ್ಕಾರದ ಕಾರಣ ಕೇಳಿದರೆ ತಿಳಿಸಲೇಬೇಕು ಎಂಬುದು 2017ರ ಸಾಮಾನ್ಯ ಹಣಕಾಸು ನಿಯಮಗಳ 173ನೇ ನಿಯಮದಲ್ಲಿದೆ. ಪತ್ರದಲ್ಲಿ ಈ ಸಂಖ್ಯೆ ನಮೂದಿಸಿ.

ವಿಶ್ವಬ್ಯಾಂಕ್ ಯೋಜನೆಗಳಲ್ಲಿ ಎಣಿಕೆ ಕೆಲಸದ ದಿನಗಳಲ್ಲಿ. ಗುತ್ತಿಗೆ ಕೊಡುವ ಉದ್ದೇಶದ ಪ್ರಕಟಣೆ ಕಳಿಸಿದ ಮೇಲೆ ಸಾಮಾನ್ಯವಾಗಿ 10 ಕೆಲಸದ ದಿನ ಕರಾರಿಗೆ ಸಹಿ ಹಾಕದೆ ಕಾಯಬೇಕು. ಕಾರಣಗಳ ವಿವರಣೆ ಬೇಕಿದ್ದರೆ 3 ಕೆಲಸದ ದಿನದೊಳಗೆ ಕೇಳಬೇಕು, ದೂರನ್ನು ಆ ಕಾಯುವ ಅವಧಿಯೊಳಗೆ ಕೊಡಬೇಕು. ಮೂರು ದಿನ ಮೀರಿ ಕೇಳಿದರೂ ವಿವರಣೆ ಸಿಗಬಹುದು, ಆದರೆ ಅದಕ್ಕಾಗಿ ಕಾಯುವ ಅವಧಿ ಹಿಗ್ಗುವುದಿಲ್ಲ.

ಗಡಿ ದಾಟಿ ಕೆಲಸ ಹಿಡಿಯುವವರು ಕರ್ನಾಟಕದ 30 ದಿನವನ್ನು ತಲೆಯಲ್ಲಿಟ್ಟುಕೊಂಡು ಹೋಗಬಾರದು. ತಮಿಳುನಾಡಿನ 1998ರ ಟೆಂಡರ್ ಪಾರದರ್ಶಕತೆ ಕಾಯ್ದೆಯಲ್ಲಿ ಆದೇಶ ಸಿಕ್ಕ 10 ದಿನದೊಳಗೆ ಸರ್ಕಾರಕ್ಕೆ ಮೇಲ್ಮನವಿ. ರಾಜಸ್ಥಾನದ 2012ರ ಕಾಯ್ದೆಯಲ್ಲೂ ಮೊದಲ ಮೇಲ್ಮನವಿಗೆ 10 ದಿನ, ಎರಡನೆಯದಕ್ಕೆ 15 ದಿನ.

ಇನ್ನು ನೀವೇ ಗೆದ್ದವರಾಗಿದ್ದರೆ ಕೆಲಸ ಉಲ್ಟಾ. ಅಂಗೀಕಾರ ಪತ್ರ ಕೈಗೆ ಬಂದ ದಿನವೇ ಕೆಲಸದ ಜಿಲ್ಲೆಗೆ ಸಂಬಂಧಿಸಿದ ಹೈಕೋರ್ಟ್ ಪೀಠದಲ್ಲಿ, ಅಂದರೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯಲ್ಲಿ ಕೇವಿಯಟ್ ಹಾಕಿಸಿ, ನಿಮ್ಮ ಮಾತು ಕೇಳದೆ ತಡೆ ಬಾರದಂತೆ ನೋಡಿಕೊಳ್ಳಿ. ಕೇವಿಯಟ್‌ನ ಆಯಸ್ಸು 90 ದಿನ. ಆಕ್ಷೇಪಿಸಬಹುದಾದ ಪ್ರತಿಯೊಬ್ಬ ಬಿಡ್‌ದಾರರ ಹೆಸರು, ವಿಳಾಸ ಅದರಲ್ಲಿರಲಿ. ದರದಲ್ಲಿ ಎರಡನೆಯವರಾದ ಎಲ್‌2 ಒಬ್ಬರನ್ನೇ ಹೆಸರಿಸಿದರೆ ತಾಂತ್ರಿಕ ಹಂತದಲ್ಲಿ ಬಿದ್ದವರು ಹಾಕುವ ಅರ್ಜಿ ನಿಮಗೆ ಗೊತ್ತಾಗದೇ ಹೋಗಬಹುದು. ಕಲಂ 16ರ ಮೇಲ್ಮನವಿ ಪ್ರಾಧಿಕಾರಕ್ಕೂ, ಮೇಲ್ಮನವಿ ಬಂದರೆ ನಮ್ಮನ್ನು ಕೇಳಿ ಎಂದು ಒಂದು ಪತ್ರ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.